ಹಳೆಯ ಹಾರ್ಡ್ ಡಿಸ್ಕಿಗೆ ಡಿಫ್ರಾಗ್ ಮಾಡಿಸುವುದರಿಂದ ನಿಜವಾಗಿ ಪ್ರಯೋಜನವಿದೆಯೇ?

ತುಂಗಾತೀರ (ತೀರ್ಥಹಳ್ಳಿ):

ಮಾನ್ಯರೇ, ನಾನು ನಿವೃತ್ತ ಶಿಕ್ಷಕ. ಮನೆಯಲ್ಲಿ 2014ರಲ್ಲಿ ಕೊಂಡ ಡೆಸ್ಕ್‌ಟಾಪ್ ಕಂಪ್ಯೂಟರ್ ಇದೆ, 4 ಜಿ.ಬಿ. ರ್‍ಯಾಮ್, 1 ಟಿ.ಬಿ. ಹಾರ್ಡ್ ಡಿಸ್ಕ್, ವಿಂಡೋಸ್ 10. ತೋಟದ ಲೆಕ್ಕ, ನುಡಿ ತಂತ್ರಾಂಶದಲ್ಲಿ ಟೈಪು ಮಾಡಿದ ಬರಹಗಳು, ಅವೆಲ್ಲಕ್ಕಿಂತ ಹೆಚ್ಚಾಗಿ ಹತ್ತು ವರ್ಷಗಳಿಂದ ನಮ್ಮ ಸುತ್ತಿನ ತಾಳಮದ್ದಲೆ ಕೂಟಗಳಲ್ಲಿ ನಾನೇ ಮಾಡಿಕೊಂಡ ಧ್ವನಿ ಮತ್ತು ವಿಡಿಯೋ ಮುದ್ರಣಗಳು ಅದರಲ್ಲಿವೆ. ಡಿಸ್ಕಿನಲ್ಲಿ ಈಗ ಉಳಿದಿರುವ ಜಾಗ ಸುಮಾರು 40 ಜಿ.ಬಿ. ಮಾತ್ರ.

ಯಂತ್ರ ವಿಪರೀತ ನಿಧಾನವಾಗಿದೆ. ಬೆಳಿಗ್ಗೆ ಗುಂಡಿ ಒತ್ತಿ ಒಳಗೆ ಹೋಗಿ, ಕಾಫಿ ಮಾಡಿಕೊಂಡು ಕುಡಿದು, ಲೋಟ ತೊಳೆದಿಟ್ಟು ಬಂದರೂ ಪರದೆಯ ಮೇಲೆ ಚುಕ್ಕೆಗಳು ಸುತ್ತುತ್ತಲೇ ಇರುತ್ತವೆ. ಪೇಟೆಯ ಅಂಗಡಿಯೊಂದರಲ್ಲಿ ತೋರಿಸಿದಾಗ, ಡಿಫ್ರಾಗ್ ಮಾಡಬೇಕೆಂದು ಒಂದು ರಾತ್ರಿ ಇಟ್ಟುಕೊಂಡು ನಾನೂರು ರೂಪಾಯಿ ಪಡೆದರು. ಮೂರು ತಿಂಗಳಿಗೊಮ್ಮೆ ತರಬೇಕೆಂದೂ ಹೇಳಿದರು. ಒಂದು ವಾರ ಚುರುಕಾದಂತೆ ಕಂಡಿತು, ಆಮೇಲೆ ಅದೇ ರಾಗ, ಅದೇ ತಾಳ. ಈ ಕೆಲಸದಿಂದ ನಿಜಕ್ಕೂ ಲಾಭವಿದೆಯೇ? ಮನೆಯಲ್ಲೇ ಮಾಡಿಕೊಳ್ಳುವುದಾದರೆ, ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಯಾವ ಕ್ಷಣದಲ್ಲಿ ಹೋಗುತ್ತದೆಂದು ಹೇಳಲಾಗದ ಕಾರಣ, ನಡುವೆ ನಿಂತುಹೋದರೆ ಕಡತಗಳಿಗೆ ಅಪಾಯವೇ? ತಿಳಿದವರು ದಯವಿಟ್ಟು ಹೇಳಬೇಕು.

ಗಣಕ ರಿಪೇರಿ (ಶಿವಮೊಗ್ಗ):

ಮೇಷ್ಟ್ರೇ, ನಮಸ್ಕಾರ. ಇಪ್ಪತ್ತು ವರ್ಷಗಳಿಂದ ಇದೇ ಕಸುಬು ಮಾಡುತ್ತಿರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಅಡಿಕೆ ಮಂಡಿಯ ಗೋದಾಮನ್ನು ನೆನೆಸಿಕೊಳ್ಳಿ. ಬೆಳೆಗಾರರೊಬ್ಬರ ಐವತ್ತು ಚೀಲ ರಾಶಿ ಇಡಿ ಅಡಿಕೆ ಬಂದ ದಿನ ಒಂದೇ ಕಡೆ ಅಷ್ಟು ಜಾಗವಿಲ್ಲದಿದ್ದರೆ, ಖಾಲಿ ಕಂಡಲ್ಲೆಲ್ಲ ಎರಡು ಮೂರು ಚೀಲಗಳಂತೆ ಇಳಿಸಿ, ಎಲ್ಲೆಲ್ಲಿ ಇಟ್ಟಿದ್ದೇವೆಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಮಾಲು ಹೊರಡುವ ದಿನ ಹಮಾಲರು ಮೂಲೆ ಮೂಲೆ ಸುತ್ತಬೇಕು. ಹಾರ್ಡ್ ಡಿಸ್ಕಿನಲ್ಲಿ ನಡೆಯುವುದೂ ಇದೇ. ವಿಂಡೋಸ್ ಸಾಮಾನ್ಯವಾಗಿ ಜಾಗವನ್ನು 4 ಕೆ.ಬಿ.ಯ ತುಣುಕುಗಳಾಗಿ ಹಂಚುತ್ತದೆ. ಹಳೆಯ ಕಡತಗಳನ್ನು ಅಳಿಸಿದಾಗ ಬಿದ್ದ ಗುಂಡಿಗಳಲ್ಲಿ ಹೊಸ ಕಡತ ಚದುರಿ ಕೂರುತ್ತದೆ. ಅಂಥ ಚೀಲಗಳನ್ನು ಒಟ್ಟುಗೂಡಿಸಿ ಒಂದೇ ಸಾಲಿನಲ್ಲಿ ಪೇರಿಸುವುದೇ ಡಿಫ್ರಾಗ್.

ಚದುರಿದ್ದರೆ ಎಷ್ಟು ನಷ್ಟ ಎಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ಡೆಸ್ಕ್‌ಟಾಪಿನ ಡಿಸ್ಕು ಸಾಮಾನ್ಯವಾಗಿ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ, ಅಂದರೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡು. ಬೇಕಾದ ಜಾಗ ಡಿಸ್ಕನ್ನು ಓದುವ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ತಲೆ ಆ ಪಥಕ್ಕೆ ಸರಿಯಲು ಸುಮಾರು 9 ಮಿಲಿಸೆಕೆಂಡು. ಒಟ್ಟು ಒಂದು ನೆಗೆತಕ್ಕೆ 13 ಎಂದಿಟ್ಟುಕೊಳ್ಳೋಣ. ನಿಮ್ಮ 2 ಜಿ.ಬಿ.ಯ ತಾಳಮದ್ದಲೆ ವಿಡಿಯೋ 32 ಚೂರುಗಳಾಗಿದ್ದರೂ ಅರ್ಧ ಸೆಕೆಂಡಿನಷ್ಟೂ ವ್ಯತ್ಯಾಸವಾಗದು. ಇಡೀ ಕಡತ ಓದಲು ಹೇಗೂ ಇಪ್ಪತ್ತು ಸೆಕೆಂಡು ಬೇಕು. ಹೀಗಾಗಿಯೇ ವಿಂಡೋಸಿನ ಸ್ವಂತ ಡಿಫ್ರಾಗ್ 64 ಎಂ.ಬಿ.ಗಿಂತ ದೊಡ್ಡ ಚೂರುಗಳ ತಂಟೆಗೆ ಹೋಗುವುದಿಲ್ಲ. ಆದರೆ 20 ಎಂ.ಬಿ.ಯ ಕಡತವೊಂದು 500 ಚೂರುಗಳಾಗಿದ್ದರೆ, ಕಾಲು ಸೆಕೆಂಡಿನಲ್ಲಿ ಮುಗಿಯಬೇಕಾದ ಕೆಲಸ ಆರೂವರೆ ಸೆಕೆಂಡು ಹಿಡಿಯುತ್ತದೆ. ಲಾಭವಿರುವುದು ಅಲ್ಲಿ.

ಇನ್ನು ನಿಮ್ಮ ನಾನೂರು ರೂಪಾಯಿಯ ವಿಷಯ. ವಿಸ್ಟಾ ಎಂಬ ಹಳೆಯ ಆವೃತ್ತಿ ಬಂದಾಗಿನಿಂದ ವಿಂಡೋಸ್ ಈ ಕೆಲಸವನ್ನು ವಾರಕ್ಕೊಮ್ಮೆ ತಾನೇ ಮಾಡಿಕೊಳ್ಳುವ ಏರ್ಪಾಡಿದೆ. ಯಂತ್ರ ಚಾಲೂ ಇದ್ದು ಸುಮ್ಮನೆ ಕುಳಿತಿರುವಾಗ ಮಾತ್ರ ಅದು ನಡೆಯುವುದರಿಂದ, ದಿನಕ್ಕೆ ಒಂದು ಗಂಟೆ ಬಳಸಿ ಆರಿಸುವವರ ಮನೆಯಲ್ಲಿ ಬಾಕಿ ಉಳಿದಿರಲೂಬಹುದು. ಹುಡುಕುವ ಜಾಗದಲ್ಲಿ ಡಿಫ್ರಾಗ್ ಎಂದು ಟೈಪಿಸಿದರೆ ಬರುವ ಕಿಟಕಿಯಲ್ಲಿ ‘ಅನಲೈಸ್’ ಒತ್ತಿ, ಶೇಕಡಾ ಎಷ್ಟು ಚದುರಿದೆ ಎಂದು ಬರೆಯಿರಿ. ಡಿಫ್ರಾಗ್ ಆರಂಭಿಸುವ ‘ಆಪ್ಟಿಮೈಸ್’ ಮಾತ್ರ ಈಗಲೇ ಒತ್ತಬೇಡಿ. 1 ಟಿ.ಬಿ.ಯಲ್ಲಿ 40 ಜಿ.ಬಿ. ಎಂದರೆ ಗೋದಾಮಿನಲ್ಲಿ ಚೀಲ ಸರಿಸಲೂ ಜಾಗವಿಲ್ಲದ ಸ್ಥಿತಿ; ಶೇಕಡಾ 15ರಷ್ಟಾದರೂ ಖಾಲಿ ಇರಬೇಕು.

ಶರಾವತಿ ಕಣಿವೆ (ಸಾಗರ):

ಮೇಲಿನವರ ಲೆಕ್ಕವನ್ನು ಒಪ್ಪುತ್ತೇನಾದರೂ ಡಿಫ್ರಾಗನ್ನು ಅಷ್ಟು ಹಗುರವಾಗಿ ನೋಡಬಾರದೆಂದು ನನ್ನ ಅಭಿಪ್ರಾಯ. ವಿಂಡೋಸ್ 98ರ ಕಾಲದಲ್ಲಿ ನಾವು ರಾತ್ರಿ ಊಟ ಮುಗಿಸಿ ಇದನ್ನು ಹಚ್ಚಿಟ್ಟು, ಬಣ್ಣದ ಚೌಕಗಳು ಒಂದೊಂದಾಗಿ ಜಾಗ ಬದಲಿಸುವುದನ್ನು ನೋಡುತ್ತ ಕುಳಿತಿರುತ್ತಿದ್ದೆವು. ನಡುವೆ ಸ್ಕ್ರೀನ್ ಸೇವರ್ ಬಂದರೂ ಸಾಕು, ಡಿಸ್ಕಿನಲ್ಲಿ ಏನೋ ಬದಲಾಯಿತೆಂದು ಅದು ಮತ್ತೆ ಮೊದಲಿನಿಂದ ಆರಂಭಿಸುತ್ತಿತ್ತು. ಆದರೂ ಬೆಳಿಗ್ಗೆ ಯಂತ್ರ ಎದ್ದು ಕುಳಿತಂತಾಗುತ್ತಿದ್ದುದು ಸುಳ್ಳಲ್ಲ. ನಾನು ಈಗಲೂ ತಿಂಗಳಿಗೊಮ್ಮೆ ಮಾಡುತ್ತೇನೆ. ಇಂದಿನವರೆಗೆ ಒಂದು ಕಡತವೂ ಕೆಟ್ಟಿಲ್ಲ.

ಕರೆಂಟಿನ ಪ್ರಶ್ನೆಗೆ ಉತ್ತರ: ಚೂರನ್ನು ಮೊದಲು ಹೊಸ ಜಾಗಕ್ಕೆ ನಕಲು ಮಾಡಿ, ಆ ಬಳಿಕವೇ ವಿಳಾಸ ತಿದ್ದುವುದರಿಂದ, ಮತ್ತು ಎನ್‌ಟಿಎಫ್‌ಎಸ್ ಎಂಬ ವಿಂಡೋಸಿನ ಕಡತ ವ್ಯವಸ್ಥೆ ತಾನು ಮಾಡುವ ಬದಲಾವಣೆಗಳ ದಿನಚರಿ ಇಟ್ಟುಕೊಳ್ಳುವುದರಿಂದ, ನಡುವೆ ನಿಂತರೂ ಕಡತ ಹಾಳಾಗುವುದು ಅಪರೂಪ. ಹಾಗೆಂದು ಆಷಾಢದ ಗಾಳಿಮಳೆಯ ರಾತ್ರಿ ಯುಪಿಎಸ್ ಇಲ್ಲದೆ ಹಚ್ಚಿಡುವುದು ಜಾಣತನವಲ್ಲ.

ಸಹ್ಯಾದ್ರಿ ಸಾಲು (ಹೊಸನಗರ):

ಇಬ್ಬರೂ ಎಸ್‌ಎಸ್‌ಡಿಯ ಮಾತೆತ್ತಲಿಲ್ಲವಾದ್ದರಿಂದ ಸೇರಿಸುತ್ತಿದ್ದೇನೆ. ಹಾರ್ಡ್ ಡಿಸ್ಕಿನ ಬದಲು ಹಾಕುವ, ಮಾಹಿತಿಯನ್ನು ಚಿಪ್ಪುಗಳ ಕೋಶಗಳಲ್ಲಿ ಇಡುವ ಸಾಧನ ಅದು. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೂ ಇಲ್ಲ, ಸರಿದಾಡುವ ತಲೆಯೂ ಇಲ್ಲ. ಗೋದಾಮಿನ ಯಾವ ಮೂಲೆಯ ಚೀಲವೂ ಕೈಗೆ ಒಂದೇ ದೂರ. ಮೇಲಾಗಿ ವಿಂಡೋಸ್ ಒಂದೇ ಸಾಲು ಎಂದು ಭಾವಿಸಿದ್ದನ್ನು ಅದರೊಳಗಿನ ನಿಯಂತ್ರಕ ತನ್ನ ಇಷ್ಟದಂತೆ ಬೇರೆ ಬೇರೆ ಕೋಶಗಳಲ್ಲಿ ಇಟ್ಟಿರುತ್ತದೆ. ಕೋಶಗಳಿಗೆ ಇಷ್ಟೇ ಬಾರಿ ಬರೆಯಬಹುದೆಂಬ ಮಿತಿ ಇರುವುದರಿಂದ ಅಲ್ಲಿ ಡಿಫ್ರಾಗ್ ಎಂದರೆ ಬರಿದೇ ಸವೆತ. ‘ಎಸ್‌ಎಸ್‌ಡಿಯನ್ನು ಎಂದೆಂದಿಗೂ ಡಿಫ್ರಾಗ್ ಮಾಡಬಾರದು’ ಎಂದು ಎಲ್ಲರೂ ಹೇಳುವ ಮಾತು ಪೂರ್ತಿ ಸರಿಯಲ್ಲ ಎಂಬುದನ್ನೂ ಹೇಳಬೇಕು: ಯಂತ್ರವನ್ನು ಹಿಂದಿನ ಸ್ಥಿತಿಗೆ ಮರಳಿಸಲು ನೆರವಾಗುವ ಸಿಸ್ಟಮ್ ಪ್ರೊಟೆಕ್ಷನ್ ಚಾಲೂ ಇದ್ದರೆ ವಿಂಡೋಸ್ ತಾನಾಗಿಯೇ ಆಗೊಮ್ಮೆ ಈಗೊಮ್ಮೆ ಅದನ್ನು ಮಿತವಾಗಿ ಮಾಡುತ್ತದೆ. ಉಳಿದಂತೆ ಅಲ್ಲಿ ‘ಆಪ್ಟಿಮೈಸ್’ ಎಂದರೆ ಟ್ರಿಮ್, ಅಂದರೆ ಅಳಿಸಿದ ಜಾಗ ಯಾವುದೆಂದು ಡ್ರೈವಿಗೆ ತಿಳಿಸುವ ಕೆಲಸ. ಅದಕ್ಕೆ ನಾವು ಕೈ ಹಾಕುವ ಅಗತ್ಯವಿಲ್ಲ.

ಶಿಕ್ಷಕರೇ, ಡಿಫ್ರಾಗಿಗೆ ಮೊದಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಡಿಸ್ಕಿನ ಆರೋಗ್ಯ ನೋಡಿಬಿಡಿ. ಹತ್ತು ವರ್ಷ ದಾಟಿದ ಡಿಸ್ಕು ನಿಧಾನವಾಗಿದ್ದರೆ ನಾನು ಮೊದಲು ಅನುಮಾನಿಸುವುದು ಚೂರುಗಳನ್ನಲ್ಲ.

ತುಂಗಾತೀರ (ತೀರ್ಥಹಳ್ಳಿ):

ಎಲ್ಲರಿಗೂ ಕೃತಜ್ಞತೆಗಳು. ಎರಡು ದಿನ ಕುಳಿತು ನೋಡಿದೆ. ‘ಅನಲೈಸ್’ ಶೇಕಡಾ 11 ಎಂದು ತೋರಿಸಿತು. ಆದರೆ ಆರೋಗ್ಯ ತೋರಿಸುವ ತಂತ್ರಾಂಶದಲ್ಲಿ ‘ಕಾಷನ್’ ಎಂದು ಹಳದಿ ಬಣ್ಣ ಬಂದಿದೆ. ‘ಕರೆಂಟ್ ಪೆಂಡಿಂಗ್ ಸೆಕ್ಟರ್ ಕೌಂಟ್’ ಎಂಬ ಸಾಲಿನ ಕೊನೆಯಲ್ಲಿ ಉದ್ದಕ್ಕೆ ಸೊನ್ನೆಗಳಿದ್ದು, ತುದಿಯಲ್ಲಿ 18 ಎಂದಿದೆ. ಹದಿನೆಂಟು ಅಷ್ಟು ದೊಡ್ಡ ಸಂಖ್ಯೆಯೇನಲ್ಲವಲ್ಲ?

ಗಣಕ ರಿಪೇರಿ (ಶಿವಮೊಗ್ಗ):

ಮೇಷ್ಟ್ರೇ, ಹೊಸನಗರದವರು ಸರಿಯಾದ ಜಾಗದಲ್ಲೇ ಬೆರಳಿಟ್ಟರು. ಆರೋಗ್ಯ ನೋಡಿ ಎಂದು ನಾನೇ ಮೊದಲು ಹೇಳಬೇಕಿತ್ತು. ಆ ತಂತ್ರಾಂಶ ಸಂಖ್ಯೆಗಳನ್ನು ಹದಿನಾರರ ಪದ್ಧತಿಯಲ್ಲಿ ತೋರಿಸುವುದರಿಂದ ನೀವು ಕಂಡ 18 ನಮ್ಮ ಲೆಕ್ಕದಲ್ಲಿ 16 ಮತ್ತು 8 ಸೇರಿ 24. ಡಿಸ್ಕಿಗೆ ಓದಲಾಗದೆ, ಮತ್ತೆ ಮತ್ತೆ ಪ್ರಯತ್ನಿಸುತ್ತಿರುವ ಜಾಗಗಳು ಅವು. ಕಾಫಿ ಕುಡಿದು ಬಂದರೂ ಚುಕ್ಕೆ ಸುತ್ತುತ್ತಿರುವುದು ಬಹುಪಾಲು ಇದರಿಂದ, 4 ಜಿ.ಬಿ. ರ್‍ಯಾಮ್ ಸಾಲದೆ ಡಿಸ್ಕನ್ನೇ ನೆನಪಿನಂತೆ ಬಳಸುತ್ತಿರುವುದೂ ಅದಕ್ಕೆ ಸೇರಿದೆ. ಇಂಥ ಡಿಸ್ಕಿಗೆ ಡಿಫ್ರಾಗ್ ಹಚ್ಚುವುದೆಂದರೆ ಜ್ವರ ಬಂದವನ ಕೈಯಲ್ಲಿ ಗೋದಾಮಿನ ಚೀಲವನ್ನೆಲ್ಲ ಹೊರಿಸಿದ ಹಾಗೆ. ಮಾಡಲೇಬೇಡಿ.

ಮೊದಲು ಮುದ್ರಣಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿ, ಸಾಧ್ಯವಾದರೆ ಎರಡಕ್ಕೆ. ಮತ್ತೆ ಸಿಗದಂಥ ಹಳೆಯ ಕೂಟಗಳಿಂದ ಆರಂಭಿಸಿ. ಯಾವುದಾದರೂ ಒಂದು ಕಡತದಲ್ಲಿ ಸಿಕ್ಕಿಕೊಂಡರೆ ಹಠ ಮಾಡದೆ ಅದನ್ನು ಬಿಟ್ಟು ಮುಂದಿನದಕ್ಕೆ ಹೋಗಿ.

ತುಂಗಾತೀರ (ತೀರ್ಥಹಳ್ಳಿ):

ನಕಲು ಮುಗಿಯಿತು. ಮೂರು ರಾತ್ರಿ ಹಿಡಿಯಿತು. ಒಂದು ಪ್ರಸಂಗದ ಎರಡನೆಯ ಭಾಗ ಮಾತ್ರ ಎಷ್ಟು ಮಾಡಿದರೂ ಬರಲಿಲ್ಲ. ಅಂದು ಭಾಗವತರ ಪಕ್ಕದಲ್ಲೇ ಕುಳಿತು ಮುದ್ರಿಸಿಕೊಂಡದ್ದು ಅದು. ಎಸ್‌ಎಸ್‌ಡಿ ಮತ್ತು ರ್‍ಯಾಮ್ ಹಾಕಿಸಲು ಶನಿವಾರ ಶಿವಮೊಗ್ಗಕ್ಕೆ ಬರುವವನಿದ್ದೇನೆ. ಡಬ್ಬಿಯನ್ನು ಬಸ್ಸಿನಲ್ಲಿ ತರಬಹುದೇ?

ಗಣಕ ರಿಪೇರಿ (ಶಿವಮೊಗ್ಗ):

ಧಾರಾಳವಾಗಿ ತನ್ನಿ. ಕಾಯಿಲೆ ಬಿದ್ದ ಡಿಸ್ಕಿನಿಂದ ನಕಲು ಇಳಿಸುವುದಕ್ಕಿಂತ ಎಸ್‌ಎಸ್‌ಡಿಯ ಮೇಲೆ ಹೊಸದಾಗಿ ವಿಂಡೋಸ್ ಹಾಕುವುದೇ ಮೇಲಾದ್ದರಿಂದ ಯಂತ್ರ ಪೂರ್ತಿ ಇಲ್ಲೇ ಬೇಕು. ಹಳೆಯ ಡಿಸ್ಕನ್ನು ಮಾತ್ರ ನಾಲ್ಕು ತಿರುಪು ಬಿಚ್ಚಿ ಬೇರೆ ತೆಗೆದು, ದಪ್ಪ ಟವೆಲಿನಲ್ಲಿ ಸುತ್ತಿ ಕೈಚೀಲದಲ್ಲಿಟ್ಟು ತೊಡೆಯ ಮೇಲೆ ಇಟ್ಟುಕೊಳ್ಳಿ. ಆರಿಸಿದ ಡಿಸ್ಕಿನ ತಲೆ ಬದಿಗೆ ಸರಿದು ನಿಂತಿರುವುದರಿಂದ ಮಂಡಗದ್ದೆಯ ತಿರುವುಗಳ ಕುಲುಕಾಟಕ್ಕೆ ಏನೂ ಆಗದು, ಕೆಳಗೆ ಬೀಳಬಾರದು ಅಷ್ಟೆ. ಆ ಎರಡನೆಯ ಭಾಗವನ್ನು ಇಲ್ಲಿ ಇನ್ನೊಮ್ಮೆ ಪ್ರಯತ್ನಿಸಿ ನೋಡುತ್ತೇನೆ. ಅಲ್ಲಿಯವರೆಗೆ ಯಂತ್ರ ಹಚ್ಚಬೇಡಿ.