ಅಡುಗೆಮನೆ ಮೂಲೆ ಬಿರುಕು: ಪಾಯ ರಿಪೇರಿಗೆ ಎರಡೂವರೆ ಲಕ್ಷ?

ಕಾವೂರು ಮನೆ:
ಅಪ್ಪ ಕಟ್ಟಿಸಿದ ಕೆಂಪು ಕಲ್ಲಿನ ಮನೆ. ಈ ಮಳೆಗಾಲದಲ್ಲಿ ಅಡುಗೆಮನೆ ಮೂಲೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬಿರುಕು ಬಿಟ್ಟಿದೆ. ಕಿಟಕಿ ಮೇಲೆ ಒಂದು ರೂಪಾಯಿ ನಾಣ್ಯ ತೂರುತ್ತದೆ, ಕೆಳಗೆ ಬರೀ ಗೆರೆ. ಕಂಟ್ರಾಕ್ಟರ್ ಒಬ್ಬರು ನಿಂತಲ್ಲೇ ನೋಡಿ, ಮನೆ ಸುತ್ತ ಕಾಂಕ್ರೀಟ್ ಬೆಲ್ಟ್‌ಗೆ ಎರಡೂವರೆ ಲಕ್ಷ ಅಂದರು. ಅಗೆದು ನೋಡಲೇ ಇಲ್ಲ ಮಾರಾಯ್ರೆ! ಒಪ್ಪಬಹುದಾ?

ಉಡುಪಿ ಇಂಜಿನಿಯರ್:
ಮೇಲೆ ಅಗಲ, ಕೆಳಗೆ ಸಣ್ಣ ಅಂದರೆ ಮೂಲೆ ಕುಳಿತಿರಬೇಕು. ನಮ್ಮ ಕಡೆ ಮುರಕಲ್ಲಿನ (ಕೆಂಪು ಕಲ್ಲಿನ) ಪದರದ ಅಡಿಯಲ್ಲಿ ಹೆಚ್ಚಾಗಿ ಶೇಡಿ ಮಣ್ಣು. ಒಣಗಿದಾಗ ಗಟ್ಟಿ, ನೀರು ಕುಡಿದರೆ ಬೆಣ್ಣೆ. ತಾರಸಿ ನೀರು ಅಲ್ಲೇ ಬೀಳುತ್ತದಾ? ಮೊದಲು ಅದನ್ನು ತಪ್ಪಿಸಿ. ಬಿರುಕಿಗೆ ಅಡ್ಡ ತೆಳು ಗಾಜಿನ ತುಂಡು ಅಂಟಿಸಿ. ಒಡೆದರೆ ಗೋಡೆ ಇನ್ನೂ ಅಲುಗುತ್ತಿದೆ ಅಂತ.

ಕಾವೂರು ಮನೆ:
ಹೌದು ಸರ್, ಪೈಪಿನ ಎಲ್ಬೋ ಅಲ್ಲೇ ಒಡೆದಿದೆ. ಕಂಟ್ರಾಕ್ಟರ್ ಅದನ್ನು ನೋಡಲೂ ಇಲ್ಲ.

ಬಜ್ಪೆ ಮೇಸ್ತ್ರಿ:
ಅಲುಗುತ್ತಿದ್ದರೆ ಅಂಡರ್‌ಪಿನ್ನಿಂಗ್, ಅಂದರೆ ಪಾಯದ ಅಡಿಗೆ ಕಾಂಕ್ರೀಟ್ ಆಸರೆ ಬೇಕು. ಆದರೆ ಮನೆ ಸುತ್ತ ಯಾಕೆ, ಆ ಮೂಲೆಗೆ ಸಾಕಲ್ವಾ? ಪಾಯದ ಅಡಿ ಒಂದು ಸಲಕ್ಕೆ ಮೀಟರಿನಷ್ಟು ಉದ್ದ ಮಾತ್ರ ಅಗೆದು, ಗಟ್ಟಿ ನೆಲದಿಂದ ಕಾಂಕ್ರೀಟ್ ತುಂಬಬೇಕು. ಅದು ಗಟ್ಟಿಯಾದ ಮೇಲೆಯೇ ಪಕ್ಕದ್ದು. ಇಡೀ ಉದ್ದ ಒಟ್ಟಿಗೆ ಅಗೆಯುವವರನ್ನು ಗೇಟಿನಿಂದಲೇ ಕಳಿಸಿ. ಕೋಟೇಶನ್‌ನಲ್ಲಿ ಉದ್ದ, ಆಳ, ಮೀಟರಿಗೆ ರೇಟು ಬೇರೆ ಬೇರೆ ಬರೆಸಿ. ಕೆಲಸ ದೀಪಾವಳಿ ಕಳೆದ ಮೇಲೆ ಶುರು ಮಾಡಿಸಿ, ಗುಂಡಿಯಲ್ಲಿ ನೀರು ನಿಲ್ಲುವುದಿಲ್ಲ.