ನಕ್ಷತ್ರಗಳ ನಡುವಿನ ಕತೆಗೆ ಯಾವ ಪದ: ಮಸಲತ್ತು, ಪಿತೂರಿ, ಹುನ್ನಾರ?

ಎಲ್ಲರಿಗೂ ನಮಸ್ಕಾರ.

ಒಂದು ಸ್ಪೇಸ್ ಒಪೆರಾ ಕಾದಂಬರಿ, ಅಂದರೆ ನಕ್ಷತ್ರಗಳ ನಡುವೆ ನಡೆಯುವ ರಾಜ್ಯ, ಯುದ್ಧ, ಸಾಹಸಗಳ ಕತೆ ಬರೆಯುತ್ತಿದ್ದೇನೆ. ಅನುವಾದವಲ್ಲ, ಕನ್ನಡದಲ್ಲೇ ಹುಟ್ಟಿದ ಕತೆ. ಎರಡು ಸೂರ್ಯರ ಸುತ್ತ ಎರಡು ರಾಜ್ಯಗಳಿವೆ. ನಡುವೆ ನಾಲ್ಕು ಜ್ಯೋತಿರ್ವರ್ಷದಷ್ಟು ಏನೂ ಇಲ್ಲದ ಜಾಗ. ಮೊದಲ ಗುಂಡು ಹಾರುವ ಹೊತ್ತಿಗೆ ಅರ್ಧ ಕತೆ ಮುಗಿದಿರುತ್ತದೆ. ಆ ಅರ್ಧದ ತುಂಬ ಅರಮನೆ ರಾಜಕೀಯ. ಯಂತ್ರಗಳ ಹೆಸರು ನನಗೆ ಅಷ್ಟು ಕಾಟ ಕೊಡಲಿಲ್ಲ. ಎಂಜಿನ್ನಿಗೆ ಎಂಜಿನ್ ಅಂದರೆ ಆಯಿತು. ಸಿಕ್ಕಿಹಾಕಿಕೊಂಡಿರುವುದು ಈ ಅರಮನೆ ರಾಜಕೀಯದ ಪದಗಳಲ್ಲಿ.

ಪದ ಇಲ್ಲ ಅಂತಲ್ಲ, ಜಾಸ್ತಿಯೇ ಇವೆ. ಸಂಚು, ಒಳಸಂಚು, ಪಿತೂರಿ, ಮಸಲತ್ತು, ಹುನ್ನಾರ, ಹಿಕಮತ್ತು, ಕಾರಸ್ತಾನ, ಚಿತಾವಣೆ, ಕುತಂತ್ರ, ಷಡ್ಯಂತ್ರ. ನಿಘಂಟು ಇವನ್ನೆಲ್ಲ ಒಂದೇ ಸಾಲಿನಲ್ಲಿ ನಿಲ್ಲಿಸಿಬಿಡುತ್ತದೆ. ಬಳಸುವಾಗ ಮಾತ್ರ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ‘ಇದೆಲ್ಲ ಅವನದೇ ಕಾರಸ್ತಾನ’ ಅನ್ನುತ್ತೇವೆ, ‘ಅವನದೇ ಮಸಲತ್ತು’ ಅಂದರೆ ಏನೋ ಕೊರತೆ. ಮಸಲತ್ತು ಒಬ್ಬನಿಂದ ಆಗುವ ಕೆಲಸವಲ್ಲ. ಕನಿಷ್ಠ ಇಬ್ಬರು ಬೇಕು, ಮೆಲ್ಲಗೆ ಮಾತಾಡಬೇಕು, ಬಾಗಿಲು ಮುಚ್ಚಿರಬೇಕು. ಪಿತೂರಿಗೆ ಗುಂಪು ಬೇಕು, ಎದುರಿಗೆ ಒಬ್ಬ ಯಜಮಾನ ಬೇಕು. ಅಧಿಕಾರದಲ್ಲಿ ಇರುವವನ ಮೇಲೆ ಪಿತೂರಿ ನಡೆಯುತ್ತದೆ, ಪಕ್ಕದ ಮನೆಯವನ ಮೇಲೆ ಅಲ್ಲ. ಹುನ್ನಾರಕ್ಕೆ ಒಂದೇ ತಲೆ ಸಾಕು. ಚಿತಾವಣೆ ಮಾಡುವವನು ತಾನು ಕೈ ಹಾಕುವುದೇ ಇಲ್ಲ, ಇನ್ನೊಬ್ಬನನ್ನು ಎತ್ತಿಕಟ್ಟುತ್ತಾನೆ. ಒಳಸಂಚು ಈಗ ಪೊಲೀಸ್ ಸುದ್ದಿಯ ಪದವಾಗಿದೆ, ಓದಿದರೆ ಎಫ್‌ಐಆರ್ ನೆನಪಾಗುತ್ತದೆ. ಷಡ್ಯಂತ್ರ ಟಿವಿ ಚರ್ಚೆಗಳಲ್ಲಿ ಸವೆದುಹೋಗಿದೆ ಅಂತ ನನ್ನ ಅನಿಸಿಕೆ. ಅದನ್ನು ಕಾದಂಬರಿಯಲ್ಲಿ ಎಲ್ಲೂ ಬಳಸುತ್ತಿಲ್ಲ.

ಇಲ್ಲಿ ಒಂದು ವಿಚಿತ್ರ ಗಮನಿಸಿ. ಈ ಪದಗಳಲ್ಲಿ ಕೆಲವು ಮೂಲದಲ್ಲಿ ಒಳ್ಳೆಯವು. ಮಸಲತ್ತು ಅರಬ್ಬಿಯ ‘ಮಸ್ಲಹತ್’, ಅಂದರೆ ಹಿತ, ಒಳ್ಳೆಯ ಸಲಹೆ. ಹಿಕಮತ್ತು ‘ಹಿಕ್ಮತ್’, ಅಂದರೆ ವಿವೇಕ. ಹುನ್ನಾರದ ಹಿಂದೆ ಇರುವುದು ಪಾರಸಿಯ ‘ಹುನರ್’, ಕೈಚಳಕ, ಕಲೆ. ಮೂರೂ ಕನ್ನಡಕ್ಕೆ ಬರುವಷ್ಟರಲ್ಲಿ ಕೆಟ್ಟಿವೆ. ಆಸ್ಥಾನದಲ್ಲಿ ಸಲಹೆ ಕೊಡುವವರನ್ನು ಹೊರಗಿನ ಜನ ಹೇಗೆ ನೋಡುತ್ತಿದ್ದರು ಅಂತ ಇದರಲ್ಲೇ ಗೊತ್ತಾಗುತ್ತೆ, ಅಲ್ವಾ? ಪಿತೂರಿಯದು ಬೇರೆ ದಾರಿ. ಆಂಧ್ರದ ಮನ್ಯಂ ಎಂಬ ಗುಡ್ಡಗಾಡು ಪ್ರದೇಶದಲ್ಲಿ 1879ರಲ್ಲಿ, ಮತ್ತೆ 1922ರಿಂದ 24ರವರೆಗೆ ಅಲ್ಲೂರಿ ಸೀತಾರಾಮರಾಜು ಅವರ ಮುಂದಾಳತ್ವದಲ್ಲಿ ನಡೆದ ದಂಗೆಗಳಿಗೂ ಪಿತೂರಿ ಅಂತಲೇ ಹೆಸರು. ಅದು ಬಹಿರಂಗ ಬಂಡಾಯ. ಕನ್ನಡದಲ್ಲಿ ಅದೇ ಪದ ಕತ್ತಲೆ ಕೋಣೆಯೊಳಗೆ ಸೇರಿಕೊಂಡಿದೆ.

ಈಗ ನನ್ನ ಕಷ್ಟಕ್ಕೆ ಬರುತ್ತೇನೆ. ಈ ಪದಗಳಲ್ಲಿ ಮುಕ್ಕಾಲು ಪಾಲು ಹತ್ತಿರ ಕೂತು ಮಾತಾಡುವ ಜನರವು. ನನ್ನ ಕತೆಯಲ್ಲಿ ಸಂಚುಗಾರರು ಹತ್ತಿರ ಇಲ್ಲ. ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತದೆ. ಹಾಗೆ ಓಡಿದರೂ ನಮ್ಮ ಸೂರ್ಯನಿಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟೌರಿಯಿಂದ ಇಲ್ಲಿಗೆ ಬರಲು ಅದಕ್ಕೆ 4.24 ವರ್ಷ ಬೇಕು. ನನ್ನ ಎರಡು ರಾಜ್ಯಗಳ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ದೂರ ಇಟ್ಟಿದ್ದೇನೆ. ಬೆಳಕಿಗಿಂತ ಜೋರಾಗಿ ಹೋಗುವ ಹಡಗು ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆ. ‘ರಾಜನನ್ನು ಇಳಿಸೋಣವೇ?’ ಅಂತ ಒಬ್ಬ ಕೇಳಿದರೆ ‘ಹೂಂ’ ಅನ್ನುವ ಉತ್ತರ ಬರಲು ಎಂಟು ವರ್ಷದ ಮೇಲಾಗುತ್ತದೆ. ಅಷ್ಟರಲ್ಲಿ ರಾಜನೇ ಸತ್ತಿರಬಹುದು. ಇದನ್ನು ಮಸಲತ್ತು ಅನ್ನಲು ಬರುತ್ತದೆಯೇ? ನನ್ನ ಕಿವಿಗೆ ಒಪ್ಪುವುದಿಲ್ಲ.

ರಾಜನೀತಿಯ ಹಳೆಯ ಗ್ರಂಥ, ಕೌಟಿಲ್ಯನ ‘ಅರ್ಥಶಾಸ್ತ್ರ’ದಲ್ಲಿ ಹುಡುಕಿದೆ. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ಓಲೆಗರಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ ಗ್ರಂಥ ಅದು. ಹಾಗಾಗಿ ನಮ್ಮ ಮನೆಯದೇ ಅಂತ ಹಕ್ಕಿನಿಂದ ಎತ್ತಿಕೊಂಡೆ. ಅಲ್ಲಿ ಯುದ್ಧ ಮೂರು ಬಗೆ: ಪ್ರಕಾಶಯುದ್ಧ, ಕೂಟಯುದ್ಧ, ತೂಷ್ಣೀಂಯುದ್ಧ. ಹೊತ್ತು, ಜಾಗ ಹೇಳಿ ಮಾಡುವುದು ಮೊದಲನೆಯದು. ಮೋಸದ ಕಾಳಗ ಎರಡನೆಯದು. ಗೂಢಚಾರರನ್ನು ಬಿಟ್ಟು, ಶತ್ರುವಿನ ಜನರನ್ನೇ ಒಡೆದು, ಸದ್ದಿಲ್ಲದೆ ಮುಗಿಸುವುದು ಮೂರನೆಯದು. ನನಗೆ ಬೇಕಾದದ್ದು ಮೂರನೆಯದೇ. ಆದರೆ ತೂಷ್ಣೀಂ ಅಂತ ಪುಟಪುಟಕ್ಕೂ ಬರೆದರೆ ಓದುವವರು ಪುಸ್ತಕ ಮಡಚಿ ಎದ್ದು ಹೋಗುತ್ತಾರೆ. ಪ್ರಕಾಶಯುದ್ಧ ಅಂದರಂತೂ ಇಂಥ ಕತೆಯಲ್ಲಿ ಲೇಸರ್ ಅಂತಲೇ ತಿಳಿಯುತ್ತಾರೆ! ಜನರನ್ನು ಒಡೆಯುವುದಕ್ಕೆ ಅಲ್ಲಿ ‘ಉಪಜಾಪ’ ಅಂತ ಪದವಿದೆ. ಹತ್ತಿರ ಬಂದು ಪಿಸುಗುಟ್ಟುವುದು ಅಂತ ಅದರ ಮೂಲ ಅರ್ಥ, ನಮ್ಮ ‘ಕಿವಿ ಊದು’ ಇದ್ದ ಹಾಗೆ. ಮತ್ತೆ ಅದೇ ತೊಂದರೆ. ಊದಲು ಕಿವಿ ಹತ್ತಿರ ಇರಬೇಕಲ್ಲ!

ದೂರದಿಂದ ನಡೆಯುವ ಸಂಚಿನ ಮಾದರಿ ಮಾತ್ರ ನಮ್ಮಲ್ಲಿ ಇದೆ. ಕೆಂಪುನಾರಾಯಣನ ‘ಮುದ್ರಾಮಂಜೂಷ’ 1823ರದು. ಚಾಣಕ್ಯ ಮತ್ತು ನಂದರ ಮಂತ್ರಿಯಾಗಿದ್ದ ರಾಕ್ಷಸ ಎಂಬ ಹೆಸರಿನವನ ಹಳೆಯ ಕತೆಯನ್ನೇ ಕನ್ನಡ ಗದ್ಯದಲ್ಲಿ ಹೇಳಿದ ಕೃತಿ. ಆ ಕತೆಯಲ್ಲಿ ಎದುರಾಳಿಯ ಮುದ್ರೆಯುಂಗುರ ಚಾಣಕ್ಯನ ಕೈಗೆ ಸಿಗುತ್ತದೆ. ಅದರ ಮುದ್ರೆ ಬಿದ್ದ ಒಂದು ಸುಳ್ಳು ಓಲೆ ಶತ್ರುಪಾಳೆಯವನ್ನೇ ಒಡೆಯುತ್ತದೆ. ಆ ಓಲೆ ಬರೆದವನಿಗೇ ತಾನು ಏನು ಬರೆಯುತ್ತಿದ್ದೇನೆ ಅಂತ ಗೊತ್ತಿರುವುದಿಲ್ಲ. ಇಡೀ ನಕ್ಷೆ ಒಬ್ಬನ ತಲೆಯಲ್ಲಿ ಮಾತ್ರ. ಇದು ಪಿತೂರಿಯಲ್ಲ, ಮಸಲತ್ತೂ ಅಲ್ಲ. ಹುನ್ನಾರ ಅನ್ನಬಹುದು. ಆದರೆ ಹುನ್ನಾರಕ್ಕೆ ಸ್ವಲ್ಪ ಚಿಲ್ಲರೆ ಬುದ್ಧಿಯ ವಾಸನೆ ಇದೆ. ಸೈಟು ಹೊಡೆಯುವುದಕ್ಕೂ ಹುನ್ನಾರ, ಸಾಮ್ರಾಜ್ಯ ಉರುಳಿಸುವುದಕ್ಕೂ ಹುನ್ನಾರ ಅಂದರೆ ಹೇಗೆ?

ಎರಡನೆಯ ತೊಡಕು, ಎರಡು ನಕ್ಷತ್ರಗಳ ನಡುವಿನ ಯುದ್ಧಕ್ಕೆ ಹೆಸರು ಕಟ್ಟುವಾಗ ಎದುರಾಗುವ ‘ಅಂತರ್’. ಅಂತಾರಾಷ್ಟ್ರೀಯವೋ ಅಂತರರಾಷ್ಟ್ರೀಯವೋ ಅನ್ನುವ ಜಗಳ ಇಲ್ಲಿ ಎಬ್ಬಿಸುವುದಿಲ್ಲ, ಹೆದರಬೇಡಿ. ಆದರೆ ‘ಅಂತರ್’ಗೆ ನಡುವೆ ಅನ್ನುವ ಅರ್ಥವೂ ಇದೆ, ಒಳಗೆ ಅನ್ನುವ ಅರ್ಥವೂ ಇದೆ. ಅಂತರ್ಜಲ ನೆಲದ ಒಳಗಿನ ನೀರು. ಅಂತರ್ಯುದ್ಧ ಒಂದೇ ದೇಶದ ಒಳಗಿನ ಕಾದಾಟ. ಹಾಗಿದ್ದ ಮೇಲೆ ‘ಅಂತರ್ನಕ್ಷತ್ರ ಯುದ್ಧ’ ಅಂದರೆ ಒಂದೇ ನಕ್ಷತ್ರದ ಜನ ತಮ್ಮತಮ್ಮಲ್ಲೇ ಹೊಡೆದಾಡಿದರು ಅಂತಲೂ ಓದಬಹುದು. ನನ್ನ ಕತೆಯಲ್ಲಿ ಅದೂ ಬರುತ್ತದೆ, ಇದೂ ಬರುತ್ತದೆ! ತಾರಾ ಹಾಕಿ ಸಂಧಿ ಮಾಡಿದರೆ ಅಂತಸ್ತಾಪದ ಹಾಗೆ ‘ಅಂತಸ್ತಾರಾ’ ಆಗಬೇಕು. ಮೂರನೇ ಅಂತಸ್ತಿನಲ್ಲಿರುವ ತಾರಾ ಅನ್ನುವ ಹೆಂಗಸು ಕಣ್ಣ ಮುಂದೆ ಬರುತ್ತಾಳೆ. ಬರೀ ‘ತಾರಾ ಸಮರ’ ಅಂದರೆ ಸಿನಿಮಾ ನಟರ ಅಭಿಮಾನಿಗಳ ಗಲಾಟೆ. ‘ನಕ್ಷತ್ರ ಯುದ್ಧ’ ಅಂದರೆ ಜಾತಕ ಕೂಡಿಬಂದಿಲ್ಲ ಅನ್ನುವ ಹಾಗಿದೆ. ಸದ್ಯಕ್ಕೆ ‘ಎರಡು ಸೂರ್ಯರ ಯುದ್ಧ’ ಅಂತ ಬರೆದಿದ್ದೇನೆ. ಜನ ವಾಸವಿರುವ ಯಾವ ನಕ್ಷತ್ರವಾದರೂ ಅಲ್ಲಿಯವರಿಗೆ ಸೂರ್ಯನೇ. ಇದನ್ನು ಬದಲಿಸುವ ಮನಸ್ಸಿಲ್ಲ.

‘ಬಾಹ್ಯಾಕಾಶ’ವನ್ನೂ ಇದೇ ಕಾರಣಕ್ಕೆ ಅರ್ಧ ಕೈಬಿಟ್ಟೆ. ನೆಲದ ಮೇಲೆ ನಿಂತವನಿಗೆ ಅದು ಹೊರಗಿನ ಆಕಾಶ. ಹಡಗಿನಲ್ಲೇ ಹುಟ್ಟಿ ಬೆಳೆದವಳಿಗೆ ಹೊರಗೆ ಯಾವುದು? ಗ್ರಹದ ಜನರ ಬಾಯಲ್ಲಿ ಬಾಹ್ಯಾಕಾಶ ಇರಲಿ, ಹಡಗಿನವರ ಬಾಯಲ್ಲಿ ಬರೀ ‘ಬಯಲು’ ಇರಲಿ ಅಂದುಕೊಂಡಿದ್ದೇನೆ.

ಹುದ್ದೆಗಳ ಹೆಸರು ಸುಲಭವಾಗಿ ಬಗೆಹರಿಯಿತು. ಒಂದು ರಾಜ್ಯದಲ್ಲಿ ಅಡ್ಮಿರಲ್, ಇನ್ನೊಂದರಲ್ಲಿ ದಳವಾಯಿ. ದಳವಾಯಿ ಅಂದರೆ ಬರೀ ಸೇನಾಪತಿ ಅಲ್ಲ. ಮೈಸೂರಿನಲ್ಲಿ ಇಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸಿಂಹಾಸನ ಅರಸರದು, ಅಧಿಕಾರ ದಳವಾಯಿ ಮನೆತನದ್ದು. 1761ರ ಹೊತ್ತಿಗೆ ಆ ಅಧಿಕಾರವೂ ಹೈದರನ ಕೈಗೆ ಹೋಯಿತು. ಇತಿಹಾಸ ಗೊತ್ತಿರುವ ಓದುಗರಿಗೆ ಆ ಹೆಸರು ಕೇಳಿದ ಕೂಡಲೇ ಅನುಮಾನ ಶುರುವಾಗಲಿ. ಸರಕು ಹಡಗಿನ ನಾಯಕಿಯನ್ನು ಕರಾವಳಿಯ ಮೀನುಗಾರರ ಮಾತಿನಂತೆ ‘ತಾಂಡೇಲ’ ಅಂತ ಕರೆದಿದ್ದೇನೆ.

ಈ ಪ್ರಕಾರಕ್ಕೇ ಕನ್ನಡ ಹೆಸರು ಬೇಡವೇ ಅಂತ ಯಾರಾದರೂ ಕೇಳುತ್ತೀರಿ. ಸ್ಪೇಸ್ ಒಪೆರಾ ಅನ್ನುವುದು 1941ರಲ್ಲಿ ಅಮೆರಿಕದ ವಿಲ್ಸನ್ ಟಕರ್ ಬೈಗುಳವಾಗಿ ಹುಟ್ಟಿಸಿದ ಮಾತು. ಸವಕಲು ಕೌಬಾಯ್ ಕತೆಗಳನ್ನು ಅಲ್ಲಿ ಹಾರ್ಸ್ ಒಪೆರಾ ಅನ್ನುತ್ತಿದ್ದರು, ರೇಡಿಯೋ ಧಾರಾವಾಹಿಗಳನ್ನು ಸೋಪ್ ಒಪೆರಾ ಅನ್ನುತ್ತಿದ್ದರು. ಅದೇ ಸಾಲಿಗೆ ಇದನ್ನೂ ಸೇರಿಸಿದ. ಬಯಲಾಟ, ದೊಡ್ಡಾಟ, ಸಣ್ಣಾಟದ ಪಕ್ಕದಲ್ಲಿ ‘ಬಾನಾಟ’ ಅಂತ ಇಡಬಹುದೇನೋ. ನನಗೆ ಇಷ್ಟವೇ, ಆದರೆ ಹಟವಿಲ್ಲ.

ನಿಮ್ಮಿಂದ ಬೇಕಾದದ್ದು ಎರಡೇ. ಒಬ್ಬನೇ ಹೂಡಿ, ಓಲೆ ಕಳಿಸಿ, ವರ್ಷಗಟ್ಟಲೆ ಕಾದು ಕೂರುವಂಥ ದೊಡ್ಡ ಸಂಚಿಗೆ ನಿಮ್ಮ ಕಡೆ ಆಡುಮಾತಿನಲ್ಲಿ ಪದ ಇದೆಯೇ? ಇನ್ನೊಂದು ಬೀದರ್, ಕಲಬುರಗಿ, ವಿಜಯಪುರದ ಕಡೆಯವರಿಗೆ. ನಿಮ್ಮ ಹಿರಿಯರ ಬಾಯಲ್ಲಿ ಮಸಲತ್ತು ಅಂದರೆ ಸುಮ್ನೆ ‘ಸಲಹೆ’ ಅನ್ನುವ ಅರ್ಥ ಇನ್ನೂ ಉಳಿದಿದೆಯಾ? ಉಳಿದಿದ್ದರೆ ಒಂದು ಉದಾಹರಣೆ ವಾಕ್ಯ ಕಳಿಸಿ. ಹದಿನಾಲ್ಕನೇ ಅಧ್ಯಾಯದಲ್ಲಿ ಒಬ್ಬ ಮುದುಕ ಆ ಅರ್ಥದಲ್ಲೇ ‘ಮಸಲತ್ತು ಮಾಡೋಣ ಬಾ’ ಅನ್ನುತ್ತಾನೆ. ಕದ್ದು ಕೇಳುತ್ತಿರುವ ಗೂಢಚಾರ ಹಡಗುಗಳನ್ನು ಹೊರಡಿಸಿಬಿಡುತ್ತಾನೆ.