ಮೀನುಗಾರರ ಊರಿನಲ್ಲಿ ಒಂದು ದಿನ: ಹೋಗಿ ಬಂದವರು ಹೇಳಿ

ಗೋಣಿಕೊಪ್ಪದಿಂದ ಕೇಳಿದ್ದು: ರೊಬಸ್ಟಾ ಕಾಫಿ ಕೊಯ್ಲು ಮುಗೀತು, ಗಿಡ ಹೂ ಬಿಡಲು ಬೇಕಾದ ಹೂಮಳೆಗೆ ಕಾಯ್ತಾ ಇದ್ದೇವೆ. ಈ ಬಿಡುವಿನಲ್ಲಿ ಅಮ್ಮನನ್ನು ಕಡಲ ಕಡೆ ಕರ್ಕೊಂಡು ಹೋಗ್ಬೇಕು. ವಾಟರ್ ಸ್ಪೋರ್ಟ್ಸ್, ಜನಜಾತ್ರೆ ಬೇಡ. ಮೀನುಗಾರರ ಸಣ್ಣ ಊರು, ಇಡೀ ಒಂದು ದಿನ, ಅವಸರವಿಲ್ಲದೆ. ಅಮ್ಮನಿಗೆ ಮಂಡಿನೋವಿದೆ. ಎಲ್ಲಿಗೆ ಹೋಗಬಹುದು, ದಿನ ಹೇಗೆ ಕಳೆಯೋದು?

ಮಡಿಕೇರಿಯಿಂದ: ಅಕ್ಕ, ಕೋಡಿಬೆಂಗ್ರೆಗೆ ಹೋಗಿ. ಉಡುಪಿಯಿಂದ ಮಲ್ಪೆ, ಹೂಡೆ ದಾಟಿ ಹೋದರೆ ರಸ್ತೆ ಮುಗಿಯುವ ಜಾಗ. ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಹೊಳೆ, ನಡುವೆ ತೆಂಗು, ಮನೆಗಳಿರುವ ಕಿರಿದಾದ ನೆಲ. ಸುವರ್ಣಾ, ಸೀತಾ ಎರಡೂ ನದಿಗಳು ಕೂಡಿ ಅಲ್ಲೇ ಅಳಿವೆಯಲ್ಲಿ ಕಡಲು ಸೇರುತ್ತವೆ. ಸಮುದ್ರದ ದಡದಿಂದ ಹೊಳೆ ದಡಕ್ಕೆ ಅಮ್ಮನ ನಡಿಗೆಯಲ್ಲೂ ಕೆಲವೇ ನಿಮಿಷ.

ಆದರೆ ಹಿಂದಿನ ರಾತ್ರಿಯೇ ಹೋಗಿ ಉಳ್ಕೊಳ್ಳಿ. ಇದನ್ನು ಮಾತ್ರ ಬಿಡಬೇಡಿ. ಬೆಳಗ್ಗೆ ಹೊರಟು ಸಂಪಾಜೆ ಘಾಟಿ ಇಳಿದು ಸುಳ್ಯ, ಪುತ್ತೂರು, ಮಂಗಳೂರು ಹಾದು ಅಲ್ಲಿ ಮುಟ್ಟುವಾಗ ಮಧ್ಯಾಹ್ನ. ಅಷ್ಟರಲ್ಲಿ ದೋಣಿಯವರ ದಿನ ಮುಗಿದು ದಡ ಖಾಲಿ. ಆ ಊರನ್ನು ನೋಡ್ಬೇಕಾದ್ದು ನಸುಕಿನಿಂದ ಒಂಬತ್ತರೊಳಗೆ. ನಾಡದೋಣಿ ದಡ ಮುಟ್ಟಿದ ಮೇಲೆ ಬಲೆಯ ಸುತ್ತ ಕೂತು ಮೀನು ಬಿಡಿಸ್ತಾರೆ. ಬಂಗುಡೆ ಬಲೆಯ ಕಣ್ಣಿಗೆ ತಲೆ ತೂರಿಸಿ ಕಿವಿರಿನ ಹತ್ತಿರ ಸಿಕ್ಕಿಕೊಂಡಿರುತ್ತೆ. ಹಿಂದಕ್ಕೆ ಎಳೆದರೆ ಮೀನೂ ಹಾಳು, ಬಲೆಯೂ ಹಾಳು. ಅದಕ್ಕೆ ಹೆಬ್ಬೆರಳಿನಿಂದ ಎಳೆಯನ್ನು ಕಿವಿರಿನ ಮೇಲಿಂದ ಜಾರಿಸಿ, ಮೀನನ್ನು ಬುಟ್ಟಿಗೆ ಎಸೀತಾರೆ. ನಮ್ಮ ತೋಟದಲ್ಲಿ ಹಣ್ಣು ಕೊಯ್ಯುವ ಹೆಂಗಸರ ಬೆರಳು ಓಡುವ ಹಾಗೇ ಓಡುತ್ತೆ. ನಿಮ್ಮ ಅಮ್ಮನಿಗೆ ಒಂದು ಕುರ್ಚಿ ಹಾಕಿಕೊಟ್ಟರೆ ಎರಡು ಗಂಟೆ ಕಳೆದದ್ದೇ ಗೊತ್ತಾಗಲ್ಲ, ಖಂಡಿತ.

ಮಧ್ಯಾಹ್ನ ಎಲ್ಲಿಗೂ ಹೋಗ್ಬೇಡಿ. ಮಾರ್ಚ್ ತಿಂಗಳ ಕರಾವಳಿ ಸೆಕೆ ನಮ್ಮ ಮೈಗೆ ಒಗ್ಗಲ್ಲ. ಕುಚ್ಚಲಕ್ಕಿ ಅನ್ನ, ಮೀನು ಸಾರು ಉಂಡು ಮಲಗಿ. ಅಂಜಲೇ ಆಗ್ಬೇಕು, ಪಾಂಪ್ಲೆಟ್ಟೇ ಆಗ್ಬೇಕು ಅನ್ನದೆ, ಆ ದಿನ ಬಂದ ಮೀನು ಯಾವುದೋ ಅದನ್ನೇ ಮಾಡಿಕೊಡಿ ಅಂತ ನೀವು ಉಳ್ಕೊಂಡ ಮನೆಯವರಿಗೆ ಹೇಳಿ. ನಮ್ಮ ಕೊಡಗಿನ ಕಪ್ಪು ಹುಳಿ ಕಾಚಂಪುಳಿಯ ಸಾರಿಗೆ ಒಗ್ಗಿದ ನಾಲಿಗೆಗೆ ಕಾಯಿ, ಹುಣಸೆ ಅರೆದು ಮಾಡಿದ ಬಂಗುಡೆ ಗಸಿ ಬೇರೆಯೇ ರುಚಿ. ಬಿಸಿಲು ಇಳಿದ ಮೇಲೆ, ಓಡ್ತಾ ಇದ್ದರೆ, ಎದುರು ದಡದ ಹಂಗಾರಕಟ್ಟೆಗೆ ಹೋಗುವ ಬಾರ್ಜ್‌ನಲ್ಲಿ ಹೊಳೆ ದಾಟಿ ವಾಪಸ್ ಬನ್ನಿ. ಕೊನೆಯ ಬಾರ್ಜ್ ಎಷ್ಟು ಹೊತ್ತಿಗೆ ಅಂತ ಹತ್ತುವಾಗಲೇ ಕೇಳಿಕೊಳ್ಳಿ. ಸುತ್ತಾಟ ಅಂದರೆ ಇಷ್ಟು ಸಾಕು. ಅದೇ ದಿನ ಸೇಂಟ್ ಮೇರೀಸ್ ದ್ವೀಪ, ಕಾಪು ದೀಪಸ್ತಂಭ, ಕೃಷ್ಣಮಠ ಅಂತ ಸೇರಿಸಿದರೆ ಅಮ್ಮನಿಗೆ ಕಾರಿನ ಸೀಟು ಬಿಟ್ಟು ಬೇರೇನೂ ನೆನಪಿರಲ್ಲ.

ನಾಪೋಕ್ಲಿನಿಂದ: ಮೇಲಿನವರು ಹೇಳಿದ್ದು ಸರಿ. ಉಬ್ಬರ ಇಳಿತದ ಹೊತ್ತನ್ನೂ ವಿಚಾರಿಸಿ. ಅದು ದಿನಾ ಹೆಚ್ಚುಕಮ್ಮಿ 50 ನಿಮಿಷ ಮುಂದಕ್ಕೆ ಹೋಗುತ್ತೆ. ಅಮಾವಾಸ್ಯೆ, ಹುಣ್ಣಿಮೆ ಸಮಯದಲ್ಲಿ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತೆ. ಮಂಡಿನೋವಿನವರಿಗೆ ಇಳಿತವೇ ಒಳ್ಳೆಯದು, ಒದ್ದೆ ಮರಳು ಗಟ್ಟಿಯಾಗಿ ಕಾಲು ಹೂತುಹೋಗಲ್ಲ. ಹೊಳೆಯಲ್ಲಿ ಮರುವಾಯಿ (ಚಿಪ್ಪುಮೀನು) ಹೆಕ್ಕೋದು ಕಾಣೋದೂ ಆಗಲೇ. ಅಳಿವೆಯ ಹತ್ತಿರ ಮಾತ್ರ ಯಾರೂ ನೀರಿಗೆ ಇಳಿಯಬಾರದು. ಮೇಲೆ ತಣ್ಣಗೆ ಕಂಡರೂ ಹೊಳೆಯ ಸೆಳೆತ, ಕಡಲಿನ ಸೆಳೆತ ಎರಡೂ ಅಲ್ಲೇ ಕೂಡೋದು.

ವಿರಾಜಪೇಟೆಯಿಂದ: ಅಷ್ಟು ದೂರ ಕೂರೋದು ಅಮ್ಮನಿಗೆ ಕಷ್ಟವಾದರೆ ಮಾಕುಟ್ಟ, ಇರಿಟ್ಟಿ ಮೇಲೆ ಕಣ್ಣೂರಿಗೆ ಇಳಿಯಿರಿ, ನಮ್ಮ ಕಡೆಗೆ ಅದೇ ಹತ್ತಿರ. ಪೋರ್ಚುಗೀಸರು 1505ರಲ್ಲಿ ಕಟ್ಟಿದ ಕೋಟೆಯ ಪಕ್ಕದಲ್ಲೇ ಮಾಪ್ಪಿಳ ಬೇ ಬಂದರು. ಕೋಟೆಯ ಮೇಲಿಂದಲೇ ದೋಣಿಗಳು ಕಾಣ್ತವೆ. ಆದರೆ ಅದು ದೊಡ್ಡ ಪಟ್ಟಣ, ನೀವು ಕೇಳಿದಂಥ ಊರಲ್ಲ.

ಸೋಮವಾರಪೇಟೆಯಿಂದ: ಈಗ ಹೋಗೋಕೆ ಆಗದಿದ್ದರೆ ಜೂನ್, ಜುಲೈಗೆ ಮಾತ್ರ ಇಟ್ಟುಕೊಳ್ಳಬೇಡಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮಲ್ಪೆ ಬಂದರಿನಲ್ಲಿ ಸಾಲಾಗಿ ನಿಂತ ಬೋಟು ಬಿಟ್ಟರೆ ಹೆಚ್ಚೇನೂ ಇರಲ್ಲ.

ದಡದಲ್ಲಿ ಹಾಸಿದ ಬಲೆ ತುಳಿಯಬೇಡಿ, ಹಗ್ಗ ಎಳೆಯುವವರ ದಾರಿಗೆ ನಿಲ್ಲಬೇಡಿ. ಫೋಟೋ ತೆಗೆಯೋ ಮೊದಲು ಒಂದು ಮಾತು ಕೇಳಿ. ಅವರಿಗೆ ಅದು ದುಡಿಮೆಯ ಹೊತ್ತು.

ಮನೆಗೆ ಮೀನು ತರೋದಾದರೆ ವಾಪಸ್ ಹೊರಡುವ ಬೆಳಗ್ಗೆ ತಗೊಳ್ಳಿ. ಕಿವಿರು ಕೆಂಪಗೆ, ಕಣ್ಣು ತಿಳಿಯಾಗಿ ಇರಬೇಕು, ಒತ್ತಿದ ಮಾಂಸ ಮತ್ತೆ ಎದ್ದು ಬರಬೇಕು. ಹೊಟ್ಟೆ, ಕಿವಿರು ಅಲ್ಲೇ ತೆಗೆಸಿ. ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಕೆಳಗೆ ಐಸ್, ನಡುವೆ ಮೀನು, ಮೇಲೆ ಮತ್ತೆ ಐಸ್. ಪುತ್ತೂರಿನಲ್ಲಿ ಕಾಫಿಗೆ ನಿಂತಾಗ ಕರಗಿದ ನೀರು ಚೆಲ್ಲಿಬಿಡಿ, ಐಸ್ ಕಡಿಮೆಯಾಗಿದ್ದರೆ ಅಲ್ಲೇ ಇನ್ನಷ್ಟು ತುಂಬಿಸಿ.